ಎರಡನೇ ಗೇರಿಗೆ ಪಂಚಮ

ಬಡ್ತಿ ಕೊಟ್ಟರೆ ಯಾರೂ ಸದ್ದು ಮಾಡುವುದಿಲ್ಲ. ಹಿಂಬಡ್ತಿ ಕೊಟ್ಟು ನೋಡಿ, ಕಚೇರಿಯ ಸೂರು ಕಿತ್ತುಹೋಗುವಂತೆ ಕಿರುಚುತ್ತಾರೆ. ಗುಮಾಸ್ತನಾದಾಗಿನಿಂದ ಇದನ್ನು ಕಣ್ಣಾರೆ ಕಂಡಿದ್ದ ನನಗೆ ಕಾರಿನ ಗೇರ್ ಬಾಕ್ಸೂ ನಮ್ಮಂಥ ನೌಕರನೇ ಎಂದು ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಯಾರೋ ಓಡಿಸಿ ಬಿಟ್ಟಿದ್ದ ಒಂದು ಹಳೆಯ ಕಾರನ್ನು ಕೊಂಡ ಮೇಲೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅದು ತುಟಿಪಿಟಿಕ್ಕೆನ್ನದೆ ಹೋಗುತ್ತಿತ್ತು. ಮೂರರಿಂದ ಎರಡಕ್ಕೆ ಇಳಿಸಲು ಹೋದರೆ ಮಾತ್ರ ‘ಕರ್‍ರ್‍ರ್’ ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಎನ್.ಆರ್. ಕಾಲೋನಿಯ ನಮ್ಮ ರಸ್ತೆಯಲ್ಲಿ ಒಮ್ಮೆ ಆ ಸದ್ದು ಕೇಳಿ ಎದುರುಮನೆಯಾಕೆ ಈಳಿಗೆಮಣೆ ಹಿಡಿದುಕೊಂಡು ಗೇಟಿಗೆ ಓಡಿಬಂದರು. ಸಾಣೆ ಹಿಡಿಯುವವನು ಬಂದ ಎಂದುಕೊಂಡಿದ್ದರಂತೆ. ನನ್ನನ್ನು ನೋಡಿ “ಓ, ನೀವಾ?” ಎಂದು ನಿರಾಶೆಯಿಂದ ಒಳಗೆ ಹೋದರು.

ಕಾರು ಓಡಿಸುವುದರಲ್ಲಿ ಪಳಗಿದ್ದ ನನ್ನ ಸಹೋದ್ಯೋಗಿ ರಂಗಣ್ಣ ಉಪಾಯ ಹೇಳಿಕೊಟ್ಟ. “ನೋಡು ಗುರು, ಕ್ಲಚ್ ಒತ್ತು, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಆಕ್ಸಿಲರೇಟರ್ ಒಂಚೂರು ಒತ್ತು, ಮತ್ತೆ ಕ್ಲಚ್ ಒತ್ತು, ಎರಡಕ್ಕೆ ಹಾಕು. ಅಷ್ಟೇ!” ಆ ‘ಅಷ್ಟೇ’ ಮುಗಿಯುವುದರೊಳಗೆ ನನ್ನ ಕಾರು ನಿಂತು, ಹಿಂದಿನವರು ಹಾರನ್ ಹೊಡೆದು, ನನ್ನ ಹೆಂಡತಿ ಸರೋಜ ತಳ್ಳುವುದಕ್ಕೆಂದು ಇಳಿದು ಸೆರಗು ಸಿಕ್ಕಿಸಿಯಾಗಿರುತ್ತಿತ್ತು. “ಒಂಚೂರು ಅಂದ್ರೆ ಎಷ್ಟಯ್ಯಾ?” ಎಂದು ಕೇಳಿದರೆ “ಅದು ಕಿವೀಲಿ ಗೊತ್ತಾಗುತ್ತೆ” ಎನ್ನುತ್ತಿದ್ದ. ನನ್ನ ಕಿವಿಗೆ ಕುಕ್ಕರಿನ ಸೀಟಿಯೂ ಮದುವೆಮನೆಯ ಓಲಗವೂ ಒಂದೇ. ಹಾಗಾಗಿ ಬಸವನಗುಡಿ ಸುತ್ತಮುತ್ತ ಏರಿಲ್ಲದ ರಸ್ತೆಗಳನ್ನೇ ಹುಡುಕಿಕೊಂಡು, ಕೂಗಳತೆಯ ಅಂಗಡಿಗೂ ಊರೆಲ್ಲ ಸುತ್ತಿ ಹೋಗುತ್ತಿದ್ದೆ. ಪೆಟ್ರೋಲ್ ಹಾಕುವವನಿಗೆ ನನ್ನ ಮೇಲೆ ಬಹಳ ವಿಶ್ವಾಸ.

ಹೀಗಿರುವಾಗ ನನ್ನ ನಾದಿನಿ ವಿಮಲಳಿಗೆ ಹನುಮಂತನಗರದಿಂದೊಂದು ಒಳ್ಳೆಯ ಸಂಬಂಧ ಬಂತು. ಹುಡುಗನ ಫೋಟೋ ಬಂದ ದಿನದಿಂದ ಅವಳು ಅದನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ಹುಡುಗನ ಅಜ್ಜಿಗೆ ಮಂಡಿನೋವು, ಮೊಮ್ಮಗನ ಹೆಂಡತಿಯಾಗುವವಳನ್ನು ಆಕೆ ನೋಡಲೇಬೇಕು. ಆದ್ದರಿಂದ ಹೆಣ್ಣಿನ ಕಡೆಯವರಾದ ನಾವೇ ಅವರ ಮನೆಗೆ ಹೋಗಬೇಕೆಂದಾಯಿತು. ಮನೆಯಿದ್ದದ್ದು ಒಂದು ಏರಿನ ನೆತ್ತಿಯ ಮೇಲೆ! ನನ್ನ ಅತ್ತೆ ಚಾಮರಾಜಪೇಟೆಯ ಮನೆಯಲ್ಲಿ ಸಂಗೀತ ಪಾಠ ಹೇಳುತ್ತಿದ್ದವರು, ಮಾವ ಹೋದ ಮೇಲೆ ಮನೆಗೆ ಅವರೇ ಯಜಮಾನರು. ನನ್ನನ್ನೊಂದು ಮಾತೂ ಕೇಳದೆ “ದೊಡ್ಡಳಿಯಂದಿರ ಕಾರಲ್ಲೇ ಬರ್ತೀವಿ” ಎಂದು ಹೇಳಿಕಳಿಸಿಬಿಟ್ಟಿದ್ದರು. ಆಟೋದಲ್ಲಿ ಹೋಗೋಣವೇ ಎಂದು ಸರೋಜಳನ್ನು ಮೆಲ್ಲಗೆ ಕೇಳಿದೆ. “ರೀ, ಅವರೆಲ್ಲ ಗೇಟಲ್ಲಿ ನಿಂತು ನೋಡ್ತಿರ್ತಾರೆ. ಕಾರು ಹಿಂದಕ್ಕೆ ಜಾರಿ ನಮ್ ಮಾನ ಹೋಗಿ, ನನ್ ತಂಗಿ ಮದುವೆ ಏನಾದ್ರೂ ತಪ್ಪಿಹೋಯ್ತೋ, ನಿಮ್ಮನ್ನ ಮಾತ್ರ ಬಿಡಲ್ಲ” ಎಂದಳು.

ಆ ಭಾನುವಾರ ಅತ್ತೆ ನನ್ನ ಪಕ್ಕದಲ್ಲಿ, ಅಕ್ಕತಂಗಿಯರು ಹಿಂದೆ. ದಾರಿಯಲ್ಲಿ ಸಿಕ್ಕ ಒಂದು ಪುಟ್ಟ ದಿಬ್ಬಕ್ಕೇ ನನ್ನ ಕರ್‍ರ್‍ರ್ ಶುರುವಾಯಿತು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಬೈಯುತ್ತಾರೆಂದುಕೊಂಡೆ. “ಅಳಿಯಂದಿರೇ, ಎಂಜಿನ್ನು ಷಡ್ಜದಲ್ಲಿ ಗೊಣಗ್ತಿದೆ. ನಿಮ್ಮ ಎರಡನೇ ಗೇರು ಕೇಳ್ತಿರೋದು ಪಂಚಮ. ಅಲ್ಲೀವರೆಗೂ ಏರಿಸದೇನೇ ತುರುಕ್ತೀರಲ್ಲ, ಅರಚದೆ ಇನ್ನೇನು ಮಾಡುತ್ತೆ ಪಾಪ?” ಎಂದರು. ಅಷ್ಟರಲ್ಲಿ ನಿಜವಾದ ಏರು ಬಂದೇಬಿಟ್ಟಿತು. ಕಾರು ಏದುಸಿರು ಬಿಡತೊಡಗಿತು. ತುದಿಯ ಗೇಟಿನಲ್ಲಿ ಹುಡುಗನ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಅತ್ತೆ ಗಂಟಲು ಸರಿಮಾಡಿಕೊಂಡು “ಸಾ…” ಎಂದು ಎಂಜಿನ್ನಿನ ಶ್ರುತಿ ಹಿಡಿದರು, ಅಲ್ಲಿಂದ “ಪಾ…” ಎಂದು ಏರಿದರು. ನಾನು ನ್ಯೂಟ್ರಲ್ಲಿಗೆ ತಂದು ಆಕ್ಸಿಲರೇಟರ್ ಒತ್ತಿದೆ. ಅತ್ತೆ ಪಾ ಬಿಡದೆ ‘ಇನ್ನೂ, ಇನ್ನೂ’ ಎಂದು ಕೈಯಾಡಿಸಿ, ಕೊನೆಗೆ ತೊಡೆ ತಟ್ಟಿ “ಹಾಕಿ!” ಎಂದರು. ಹಾಕಿದೆ. ಬಿತ್ತು! ಒಂದು ಚೂರೂ ಸದ್ದಿಲ್ಲದೆ ಬಿತ್ತು! ಅತ್ತೆಯ ಕಾಲಿಗೆ ಅಲ್ಲೇ ಬೀಳೋಣವೆನಿಸಿತು, ಆದರೆ ನನ್ನ ಕಾಲುಗಳಿಗೆ ಬೇರೆ ಕೆಲಸವಿತ್ತು.

ಗೇಟಿನಲ್ಲಿ ಅಜ್ಜಿ ಮಂಡಿನೋವನ್ನೂ ಮರೆತು ಎರಡು ಹೆಜ್ಜೆ ಮುಂದೆ ಬಂದರು. “ಎಂಥಾ ಸಂಗೀತದ ಮನೆತನವಮ್ಮಾ! ದಾರೀಲೂ ಸಾಧನೆ ಬಿಡಲ್ವಲ್ಲ!” ಅತ್ತೆ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಕೇಸರಿಬಾತು ಮುಗಿಯುವಷ್ಟರಲ್ಲಿ ಹುಡುಗನೂ ವಿಮಲಳೂ ನೋಡಬೇಕಾದಷ್ಟು ನೋಡಿಕೊಂಡಿದ್ದರು. “ಮನೇಲಿ ಮಾತಾಡ್ಕೊಂಡು ನಾಳೆ ಹೇಳ್ತೀವಿ” ಎಂದು ಹುಡುಗನ ತಂದೆ ಹೇಳಿದರು, ಎಲ್ಲರೂ ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಇಳಿಜಾರಿನಲ್ಲಿ ಬ್ರೇಕೊಂದನ್ನೇ ನಂಬಬಾರದು, ಅಲ್ಲೂ ಎರಡನೇ ಗೇರೇ ಕಾಪಾಡಬೇಕು ಎಂದು ರಂಗಣ್ಣ ಹೇಳಿದ್ದ. ನಾನೋ ಗೆದ್ದ ಗತ್ತಿನಲ್ಲಿ ಆಗಲೇ ಮೂರಕ್ಕೆ ಹಾಕಿಬಿಟ್ಟಿದ್ದೆ. ಕಾರು ಓಟ ಕಿತ್ತಿತು. ಅತ್ತೆ ಹಿಂದಕ್ಕೆ ತಿರುಗಿಕೊಂಡು ಸರೋಜಳ ಜೊತೆ ಮಾತಿನಲ್ಲಿ ಮುಳುಗಿದ್ದರು. “ಅತ್ತೇ, ಪಾ…” ಎಂದು ಬೇಡಿದೆ. “ಸ್ವಲ್ಪ ತಡೀರಿ, ಛತ್ರದ ವಿಷಯ ಮಾತಾಡ್ತಿದೀವಿ” ಎಂದರು. ಇಳಿಜಾರು ತಡೆಯುತ್ತದೆಯೇ? ಬೇರೆ ದಾರಿ ಕಾಣದೆ ನಾನೇ ಬಾಯಿ ತೆರೆದು, ಎದೆ ಬಿರಿಯುವಂತೆ “ಸಾ… ಪಾ…” ಎಂದು ಹಾಡಿದೆ. ಎದುರಿಗೆ ಬರುತ್ತಿದ್ದ ಸೈಕಲ್ಲಿನವನು ಇಳಿದು ಪಕ್ಕಕ್ಕೆ ನಿಂತ. ಗೇರು ತನ್ನ ಹಳೆಯ ಕರ್‍ರ್‍ರ್ ಹಾಡಿಕೊಂಡೇ ಬಿತ್ತು, ಕಾರು ಹದಕ್ಕೆ ಬಂತು. ಕನ್ನಡಿಯಲ್ಲಿ ನೋಡಿದರೆ ಗೇಟಿನಲ್ಲಿದ್ದವರೆಲ್ಲ ಹಾಗೇ ನಿಂತಿದ್ದರು. “ಭಾವಾ, ಮುಗೀತು ನನ್ ಮದುವೆ” ಎಂದು ವಿಮಲ ಅಳತೊಡಗಿದಳು.

ಮಾರನೆಯ ಸಂಜೆ ಹುಡುಗನ ತಂದೆ ತಾವೇ ಚಾಮರಾಜಪೇಟೆಗೆ ಬಂದರು. ನಾನೂ ಸರೋಜಳೂ ಅಲ್ಲೇ ಇದ್ದೆವು. “ನಮಗೆಲ್ಲ ಒಪ್ಪಿಗೆ” ಎಂದವರು ನನ್ನ ಕಡೆ ನೋಡಿ ಸಂಕೋಚದಿಂದ ಕೆಮ್ಮಿದರು. “ಅಮ್ಮಂದು ಒಂದೇ ಒಂದು ಕೋರಿಕೆ. ಮದುವೆಮನೇಲಿ ಯಾರು ಬೇಕಾದ್ರೂ ಹಾಡಬಹುದು, ದೊಡ್ಡಳಿಯಂದಿರು ಮಾತ್ರ ಬೇಡ ಅಂತ.” ಅತ್ತೆ ಆ ಕ್ಷಣವೇ ಮಾತು ಕೊಟ್ಟುಬಿಟ್ಟರು. ವಿಮಲ ನಗುವುದಕ್ಕೆಂದು ಒಳಗೆ ಓಡಿದಳು.

“ಗೇರಿನ ಸದ್ದಿನ ಬಗ್ಗೆ ಏನಾದ್ರೂ ಅಂದ್ರಾ ಅಜ್ಜಿ?” ಎಂದು ಕೇಳಿದೆ.

“ಗೇರಾ? ನೀವು ಹಾಡ್ತಿರುವಾಗ ಅದೆಲ್ಲಿ ಕೇಳಿಸುತ್ತೆ ಸ್ವಾಮಿ!”

ಅಂದಿನಿಂದ ನಾನು ಹಾಡದೆ ಗೇರು ಇಳಿಸಿದವನಲ್ಲ.