ಹಿತ್ತಲಿಗೆ ಬಂದ ಅಥೆನ್ಸ್

ಪ್ರಜಾಪ್ರಭುತ್ವವನ್ನು ನಾನು ಮನಸಾರೆ ಮೆಚ್ಚುವವನು. ಆದರೆ ಅದು ಊರಿನಲ್ಲಿರಬೇಕು, ಊಟದ ಮನೆಯೊಳಗೆ ಬರಬಾರದು. ಈ ಜ್ಞಾನೋದಯವಾದದ್ದು ಅಮೆರಿಕದ ಹೂಸ್ಟನ್ ಪಕ್ಕದ ಫುಲ್‌ಶೀರ್‌ನ ನಮ್ಮ ಹೊಸ ಮನೆಯ ಹಿತ್ತಲಿನ ದೆಸೆಯಿಂದ. ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಪುಟ್ಟ ಕಾರಂಜಿ ಹಾಕಿಸಿ, ಅದರ ಪಕ್ಕ ಕೂತು ಕಾಫಿ ಕುಡಿಯಬೇಕೆಂದು ನನ್ನ ಆಸೆ. ಮರ ನೆಡಬೇಕೆಂದು ಹೆಂಡತಿ ಸುನಂದಾಳ ಹಟ. ಹೂಸ್ಟನ್ನಿನ ಸೆಕೆಯಲ್ಲಿ ಇಬ್ಬರೂ ಆಚೆ ಕೂರುವವರಲ್ಲ. ಆದರೂ ಬೇಸಿಗೆಯಿಡೀ ವಾದ ಮಾಡಿದೆವು, ಏಸಿ ಹಾಕಿಕೊಂಡು.

ಅಷ್ಟರಲ್ಲಿ ಐದನೇ ಕ್ಲಾಸಿನ ಮಗಳು ಇಳಾಗೆ ಶಾಲೆಯಲ್ಲಿ ಅಥೆನ್ಸ್ ನಗರದ ಕತೆ ಹೇಳುವ ಪ್ರಾಜೆಕ್ಟ್ ಬಂತು. ನನಗೋ ಗ್ರೀಕರ ಕತೆಯೆಂದರೆ ಪ್ರಾಣ. ಊಟಕ್ಕೆ ಕೂತಾಗ ಶುರು ಹಚ್ಚಿಕೊಂಡೆ. ಆ ಊರು ಯಾರದಾಗಬೇಕು ಅಂತ ಸಮುದ್ರದ ದೇವರು ಪೊಸೈಡನ್‌ಗೂ ಅಥೀನಾ ದೇವಿಗೂ ಪೈಪೋಟಿ. ಅವನು ತ್ರಿಶೂಲದಿಂದ ಬಂಡೆಗೆ ಕುಟ್ಟಿ ನೀರು ಚಿಮ್ಮಿಸಿದ. ಪಾಪ, ಅದು ಉಪ್ಪುನೀರು. ಅವಳು ಆಲಿವ್ ಗಿಡ ನೆಟ್ಟಳು. ಊರವರು ಮತ ಹಾಕಿದರು. ಗಂಡಸರೆಲ್ಲ ಅವನಿಗೆ, ಹೆಂಗಸರೆಲ್ಲ ಅವಳಿಗೆ. ಹೆಂಗಸರ ಪೈಕಿ ಒಬ್ಬಳು ಹೆಚ್ಚಿದ್ದಳು, ಅಥೀನಾ ಗೆದ್ದಳು.

ಧಾರವಾಡದಿಂದ ಬಂದಿದ್ದ ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಾವೂ ಹಂಗ ಓಟ್ ಹಾಕೋಣಲ್ಲರಿ. ನಿಮ್ಮಿಬ್ಬರ ಜಗಳಾ ಕೇಳಿ ಕೇಳಿ ಸಾಕಾಗೇದ" ಎಂದರು. ಮರಕ್ಕೆ ಮೂರು ಕೈ ಎದ್ದವು. ಕಾರಂಜಿಗೆ ನನ್ನದೊಂದೇ.

ಸೋತ ಹೊಟ್ಟೆಯುರಿಯಲ್ಲಿ ಬಾಯಿ ಸುಮ್ಮನಿರಲಿಲ್ಲ. "ಕತೆ ಇನ್ನೂ ಇದೆ. ಪೊಸೈಡನ್ ಸಿಟ್ಟಾಗಿ ಊರಿಗೇ ಸಮುದ್ರ ನುಗ್ಗಿಸಿದ. ಅವನನ್ನ ಸಮಾಧಾನ ಮಾಡೋಕೆ ಹೆಂಗಸರ ಓಟನ್ನೇ ಕಿತ್ತುಹಾಕಿದರು" ಎಂದೆ.

"ದಟ್ಸ್ ನಾಟ್ ಫೇರ್" ಎಂದಳು ಇಳಾ.

"ಕತೆ ಬಿಡು ಪುಟ್ಟಿ. ಚರಿತ್ರೇಲೂ ಅಷ್ಟೇ. ಅಥೆನ್ಸಿನ ಹೆಂಗಸರಿಗೆ ಓಟೇ ಇರಲಿಲ್ಲ."

ಸುನಂದಾ ನನ್ನ ತಟ್ಟೆಗೆ ಬದನೆಕಾಯಿ ಪಲ್ಯ ಬಡಿಸುತ್ತ ಮೆಲ್ಲಗೆ ಕೇಳಿದಳು: "ಸೋತವರು ರೂಲ್ಸ್ ಚೇಂಜ್ ಮಾಡಬಹುದು ಅಂದ್ರ, ಗೆದ್ದವರು ಮಾಡಬಾರದೇನ್ರೀ?"

"ಯಾಕ ಮಾಡಬಾರದು?" ಎಂದರು ಅತ್ತೆ. "ಅಳಿಯಂದಿರ ಓಟ್ ತಗದಬಿಡೋಣ. ಯಾರ್ಯಾರು ಒಪ್ಪತೀರಿ?"

ಮತ್ತೆ ಅದೇ ಮೂರು ಕೈ. "ಸಾರಿ ಅಪ್ಪಾ" ಎಂದಳು ಇಳಾ; ಕೈ ಮಾತ್ರ ಇಳಿಸಲಿಲ್ಲ. ವಿರುದ್ಧವಾಗಿ ನಾನು ಕೈ ಎತ್ತಿದೆ. ಅದೇ ನನ್ನ ಕೊನೆಯ ಮತ.

ಆ ಶನಿವಾರವೇ ನರ್ಸರಿಯಿಂದ ಆಲಿವ್ ಸಸಿ ಬಂತು. ಗುಂಡಿ ತೋಡಿದವನು ನಾನು. ಅದಕ್ಕೆ ಮತದ ಹಕ್ಕು ಬೇಕಿಲ್ಲವಂತೆ. ಈಗ ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು, ಯಾರನ್ನು ಊಟಕ್ಕೆ ಕರೆಯಬೇಕು, ಒಂದನ್ನೂ ನಾನು ಯೋಚಿಸುವಂತಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿದೆ. ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ ಮದುವೆಯ ಮಂಟಪದಲ್ಲೇ ಸೋತುಬಿಡುತ್ತಿದ್ದೆ.