ಹನ್ನೊಂದು ತಿಂಗಳಿಂದ ನಿಂತಿದೆ

ಐವತ್ತು ದಾಟಿದ ಮೇಲೆ ನಗೆಪಾಟಲಾಗಲು ನಾನು ಯಾವ ಪ್ರಯತ್ನವನ್ನೂ ಮಾಡಬೇಕಾಗಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟರೆ ಸಾಕು, ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಮನೆ ತುಮಕೂರಿನಲ್ಲಿ, ಕೆಲಸ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವ ಕಚೇರಿ ಎಂದು ಹೇಳುವುದಿಲ್ಲ, ಇನ್ನೂ ಎಂಟು ವರ್ಷ ಸರ್ವೀಸಿದೆ. ನನ್ನದು ಟಪಾಲು ವಿಭಾಗ. ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸುವುದು, ಒಳಗಿಂದ ಬಂದ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸುವುದು. ಇಪ್ಪತ್ತಾರು ವರ್ಷದಲ್ಲಿ ಒಂದು ಕಾಗದವೂ ನನ್ನ ಕೈಯಿಂದ ದಾರಿ ತಪ್ಪಿರಲಿಲ್ಲ. ಆಮೇಲೆ ಮುಟ್ಟು ನಿಲ್ಲುವ ಕಾಲ ಬಂತು, ಕಾಗದದ ಜೊತೆ ನಾನೂ ದಾರಿ ತಪ್ಪಲು ಶುರುಮಾಡಿದೆ.

ನಮ್ಮ ಕಡೆ ಹೆಂಗಸರು ಇದನ್ನು ಹೆಸರಿಟ್ಟು ಕರೆಯುವುದಿಲ್ಲ. ನಮ್ಮಮ್ಮ ಒಂದು ದಿನ ಅವರೆಕಾಯಿ ಸುಲಿಯುತ್ತಾ ಅತ್ತೆಗೆ "ನಿಂತದೆ ಕಣೇ" ಅಂದಳು. ಅತ್ತೆ "ಹೌದಾ, ಒಳ್ಳೇದಾಯ್ತು ಬುಡು" ಅಂದಳು. ಅಷ್ಟೇ. ಏನು ನಿಂತಿದೆ ಎಂದು ಇವಳು ಹೇಳಲಿಲ್ಲ, ಅವಳು ಕೇಳಲಿಲ್ಲ. ನಿಲ್ಲುವ ಮುಂಚೆ ಅದು ಎಷ್ಟು ಕುಣಿಸುತ್ತದೆ ಎನ್ನುವುದನ್ನಂತೂ ಇಬ್ಬರೂ ನನಗೆ ಹೇಳಲಿಲ್ಲ.

ಎರಡು ಕಾಲದ ಬಸ್ಸು

ಧನುರ್ಮಾಸದ ಬೆಳಿಗ್ಗೆ. ಗುಬ್ಬಿ ಬಸ್ಸಿನಲ್ಲಿ ಎಲ್ಲರೂ ಸ್ವೆಟರು, ಮಫ್ಲರು, ಟೋಪಿ. ಮಲ್ಲಸಂದ್ರ ಬರುವಷ್ಟರಲ್ಲಿ ನನ್ನ ಹೊಟ್ಟೆಯಿಂದ ಒಂದು ಬಿಸಿ ಎದ್ದು, ಎದೆ ದಾಟಿ, ಕುತ್ತಿಗೆಗೇರಿ, ಕಿವಿಯಲ್ಲಿ ಹೊಗೆಯಾಡಿತು. ಹಿಂದೆ ಮುಂದೆ ನೋಡದೆ ಕಿಟಕಿ ಪೂರಾ ಸರಿಸಿದೆ. ಗಾಳಿ ನುಗ್ಗಿತು. ನನಗೆ ಹೋದ ಜೀವ ಬಂತು, ಪಕ್ಕದಲ್ಲಿದ್ದ ಅಜ್ಜಿಗೆ ಬಂದಿದ್ದ ಜೀವ ಹೋಯಿತು.

"ಮುಚ್ಚವ್ವ, ಹಲ್ಲು ಕಟಕಟ ಅಂತಾವೆ. ಇರಾದೇ ನಾಕು" ಅಂದಳು ಅಜ್ಜಿ.

ಕಂಡಕ್ಟರು ಬಂದರು. "ಏನ್ ಮೇಡಂ, ನಿಮ್ಮೊಬ್ರಿಗೋಸ್ಕರ ಬಸ್ಸೆಲ್ಲಾ ನಡುಗಬೇಕಾ?"

ನಾನು ಮುಖ ತಗ್ಗಿಸಿ ಮುಚ್ಚಲು ಹೋದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಟೀಚರಮ್ಮ, "ಒಬ್ರಲ್ಲ, ನಾನೂ ಇದೀನಿ" ಎಂದು ತಮ್ಮ ಕಿಟಕಿಯನ್ನೂ ಸರಿಸಿದರು. ಅವರ ಹಿಂದೆ ನರ್ಸ್ ಸಮವಸ್ತ್ರದವರೊಬ್ಬರು ತಮ್ಮದನ್ನೂ ತೆಗೆದರು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಪರಿಚಯವಿಲ್ಲ, ಹೆಸರು ಗೊತ್ತಿಲ್ಲ, ಆದರೂ ಸ್ವಂತ ಅಕ್ಕತಂಗಿಯರು ಸಿಕ್ಕಷ್ಟು ಸಂತೋಷವಾಯಿತು.

ಕಂಡಕ್ಟರು ಬುದ್ಧಿವಂತರು. ಮಾರನೇ ದಿನದಿಂದ ಬಾಗಿಲಲ್ಲೇ ನಿಂತು ಕೂಗತೊಡಗಿದರು: "ಚಳಿಯೋರು ಬಲಗಡೆ, ಸೆಕೆಯೋರು ಎಡಗಡೆ! ಬೇಗ ಹತ್ಕಳಿ, ಬೇಗ!"

ಕಚ್ಚುವುದು

ಸೆಕೆಯನ್ನಾದರೂ ಗಾಳಿಗೆ ಒಡ್ಡಿ ಕಳೆಯಬಹುದು. ಮಾತು ಮರೆತರೆ ಏನು ಮಾಡುವುದು?

ನಮ್ಮ ಸಾಹೇಬರು ಹೊಸಬರು, ಮೂವತ್ತೈದರ ಆಸುಪಾಸು, ಬಹಳ ಚುರುಕು. ಯಾವ ಕಾಗದ ಕಂಡರೂ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಒಂದು ಷರಾ ಬರೆಯದೆ ಬಿಡುವವರಲ್ಲ. ಯಾರದೋ ಮದುವೆಯ ಕರೆಯೋಲೆಯ ಮೇಲೂ "ನೋಡಿದೆ. ನಿಯಮಾನುಸಾರ ಕ್ರಮವಹಿಸಿ" ಎಂದು ಬರೆದು ಕಳಿಸಿದವರು.

ಒಂದು ದಿನ ಅವರು ಎರಡು ಹಾಳೆ ಕೊಟ್ಟು ಪಿನ್ ಹೊಡೆದು ತನ್ನಿ ಅಂದರು. ಹೊರಗೆ ಬಂದೆ. ಸ್ಟೇಪ್ಲರ್ ಎನ್ನುವ ಪದ ತಲೆಯಿಂದ ಹಾರಿಹೋಯಿತು. ಕಣ್ಣಿಗೆ ಕಟ್ಟಿದಂತಿದೆ, ನಾಲಿಗೆಗೆ ಬರುತ್ತಿಲ್ಲ. ನಮ್ಮ ಅಟೆಂಡರ್ ಅಕ್ಕನಿಗೆ, "ಅಕ್ಕ, ಅದು ಕೊಡಿ, ಅದೇ... ಕಚ್ಚೋದು" ಅಂದೆ.

ಅಕ್ಕ ನನ್ನ ಮುಖವನ್ನು ಕನಿಕರದಿಂದ ನೋಡಿದಳು. "ಬೆಳಿಗ್ಗೆ ಏನೂ ತಿಂದಿಲ್ವಾ ಮೇಡಮ್ಮೋರೆ?" ಎನ್ನುತ್ತಾ ತನ್ನ ಡಬ್ಬಿ ತೆಗೆದು ಕೈಗೊಂದು ಕೋಡುಬಳೆ ಇಟ್ಟಳು. ಗಾಬರಿಯಲ್ಲಿ ಹಾಗೆಯೇ ಒಳಗೆ ಹೋದೆ. ಒಂದು ಕೈಯಲ್ಲಿ ಎರಡು ಹಾಳೆ, ಇನ್ನೊಂದು ಕೈಯಲ್ಲಿ ಕೋಡುಬಳೆ.

ಸಾಹೇಬರು ಹಾಳೆ ನೋಡಿದರು, ಕೋಡುಬಳೆ ನೋಡಿದರು. ಬಹಳ ಗಂಭೀರವಾಗಿ, "ಇದು ಲಗತ್ತಾ ಮೇಡಂ?" ಅಂದರು.

ಅದೇ ವಾರ ಜಿಲ್ಲಾ ಕಚೇರಿಯಿಂದ ಫೋನು ಬಂತು. "ಯಾರ್ ಮಾತಾಡ್ತಿರೋದು?" ಎಂದು ಆ ಕಡೆಯವರು ಕೇಳಿದರು. ನಾನು, "ಒಂದ್ನಿಮಿಷ ಸಾರ್, ನೋಡಿ ಹೇಳ್ತೀನಿ" ಅಂದೆ.

ಬೀಗ

ಮರೆವಿನ ಬೆನ್ನಿಗೇ ಭಯವೂ ಬಂತು. ಗ್ಯಾಸ್ ಆರಿಸಿದೆನಾ? ನಲ್ಲಿ ನಿಲ್ಲಿಸಿದೆನಾ? ಬೀಗ ಹಾಕಿದೆನಾ? ಎದೆ ಡವಡವ ಹೊಡೆದುಕೊಳ್ಳುವುದು. ನಗುತ್ತಾ ಹೇಳುತ್ತಿದ್ದೇನೆ, ಆದರೆ ಆಗ ನಗು ಬರುತ್ತಿರಲಿಲ್ಲ. ಹುಚ್ಚು ಹಿಡಿಯುತ್ತಿದೆಯೇನೋ ಎಂದೇ ಅಂದುಕೊಂಡಿದ್ದೆ.

ಕುಣಿಗಲ್‌ನಲ್ಲಿ ಒಂದು ದಿನದ ತರಬೇತಿ ಇತ್ತು. ಅಂದು ಬೀಗದ ವಿಷಯದಲ್ಲಿ ಅನುಮಾನವೇ ಬರಬಾರದು ಎಂದು ಮೂರು ಸಲ ಜಗ್ಗಿ ನೋಡಿ ಹೊರಟೆ. ಆದರೂ ಗೂಳೂರು ದಾಟುತ್ತಿದ್ದ ಹಾಗೆ ಶುರುವಾಯಿತು. ಜಗ್ಗಿದ್ದು ಇವತ್ತೋ ನಿನ್ನೆಯೋ? ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನೋಡಿದರೆ ಯಜಮಾನರು. ಮನೆಗೆ ಕಳ್ಳರು ನುಗ್ಗಿದ್ದಾರೆ, ಅದಕ್ಕೇ ಮಾಡುತ್ತಿದ್ದಾರೆ ಎಂದುಕೊಂಡೆ. ಕೆಟ್ಟ ಸುದ್ದಿ ಕೇಳುವ ಧೈರ್ಯವಿಲ್ಲದೆ ಎತ್ತಲೇ ಇಲ್ಲ. ಅದು ಏಳು ಸಲ ಬಡಿದುಕೊಂಡಿತು. ಹೆಬ್ಬೂರಿನಲ್ಲಿ ಇಳಿದು, ಎದುರಿಗೆ ಬಂದ ತುಮಕೂರು ಬಸ್ಸು ಹತ್ತಿದೆ.

ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ಇರುವುದು ಒಂದೇ ಬಾಗಿಲು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರೆ ಬೀಗ ಭದ್ರವಾಗಿ ನೇತಾಡುತ್ತಿದೆ! ಕಣ್ಣಲ್ಲಿ ನೀರು ಬಂತು. ಕೈಮುಗಿದು ನಿಂತಿದ್ದೆ, ಒಳಗಿಂದ ದನಿ ಕೇಳಿಸಿತು.

"ಯಾರದು? ನೀನೇನಾ?"

ಯಜಮಾನರು ಹೈಸ್ಕೂಲ್ ಮೇಷ್ಟ್ರು. ಅವತ್ತು ಅವರಿಗೆ ರಜೆ. ನಾನು ಹೊರಡುವಾಗ ಸ್ನಾನಕ್ಕೆ ಹೋಗಿದ್ದವರನ್ನು ಮರೆತೇಬಿಟ್ಟಿದ್ದೆ. ಬೀಗ ತೆಗೆದು, "ರೀ, ಬೀಗ ಹಾಕಿದ್ನೋ ಇಲ್ವೋ ಅಂತ ಅನುಮಾನ ಬಂದು ವಾಪಸ್ ಬಂದೆ" ಅಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, "ಬೀಗದ ಬಗ್ಗೆ ಇನ್ನು ಯಾವತ್ತೂ ಅನುಮಾನ ಪಡಬೇಡ ಕಣೇ. ನಾನು ಎರಡು ಗಂಟೆಯಿಂದ ಒಳಗಿಂದ ಎಳೆದು ನೋಡಿದೀನಿ, ಬಹಳ ಚೆನ್ನಾಗಿ ಹಾಕಿದೀಯ" ಅಂದರು.

ನಾಳೆ ಬನ್ನಿ

ಬೀಗದ್ದು ಮನೆಯೊಳಗಿನ ಮಾತು. ಕಚೇರಿಯಲ್ಲಿ ಪೂರಾ ಮಾನ ಹೋದದ್ದು ಒಬ್ಬ ರೈತರ ಮುಂದೆ.

ವಯಸ್ಸಾದವರು, ಯಾವುದೋ ಕಾಗದದ ಪ್ರತಿಗಾಗಿ ಬಂದಿದ್ದರು. ಸಾಹೇಬರು ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ನೂರಾರು ಜನಕ್ಕೆ ಹೇಳಿದ ಹಾಗೆ "ನಾಳೆ ಬನ್ನಿ" ಅಂದೆ. ಅಂದವಳಿಗೇ, ಪಾಪ, ಎಷ್ಟು ದೂರದಿಂದ ಬಂದಿದ್ದಾರೋ, ಊಟ ಮಾಡಿದರೋ ಇಲ್ಲವೋ ಅನ್ನಿಸಿ, ಕೌಂಟರಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಅವರಿಗೆ ಗಾಬರಿಯಾಯಿತು. "ಅಯ್ಯೋ ಬುಡವ್ವ, ಅದಕ್ಯಾಕೆ ಅಳ್ತೀಯ? ನಾಳೆನೇ ಬತ್ತೀನಿ. ಬೇಕಾದ್ರೆ ನಾಳಿದ್ದು ಬತ್ತೀನಿ. ನೀನು ಕಣ್ಣೊರಸ್ಕೊ" ಅಂದರು.

ಅವರು ಊರಿಗೆ ಹೋಗಿ ಏನು ಹೇಳಿದರೋ, ಮುಂದಿನ ವಾರ ಅದೇ ಊರಿನ ಇಬ್ಬರು ಹೆಂಗಸರು ಕೌಂಟರಿಗೆ ಬಂದು ನನ್ನನ್ನೇ ನೋಡುತ್ತಾ ನಿಂತರು. ಏನಾಗಬೇಕಿತ್ತು ಎಂದು ಕೇಳಿದೆ. "ಏನೂ ಇಲ್ಲವ್ವ. ನಾಳೆ ಬಾ ಅನ್ನಕ್ಕೂ ಮನಸ್ಸು ಬರದೆ ಅಳ್ತಾರಂತಲ್ಲ ಒಬ್ಬಮ್ಮ, ಅವರನ್ನ ನೋಡ್ಕೊಂಡು ಹೋಗಾನ ಅಂತ ಬಂದೋ" ಅಂದರು.

ಆ ದಿನ ನಗು ಬರಲಿಲ್ಲ. ನಾಚಿಕೆಯಾಯಿತು. ನನ್ನ ಕೆಲಸ ನನಗೆ ಇಷ್ಟ. ಅದನ್ನು ಕೆಡಿಸಿಕೊಂಡು ಕೂರುವುದಕ್ಕಿಂತ ಮರ್ಯಾದೆಯಾಗಿ ಬಿಟ್ಟುಬಿಡುವುದೇ ವಾಸಿ ಎಂದು ಮನಸ್ಸು ಗಟ್ಟಿಮಾಡಿ, ಭಾನುವಾರ ಕೂತು ಸ್ವಯಂ ನಿವೃತ್ತಿ ಪತ್ರ ಬರೆದೆ. ಯಜಮಾನರಿಗೆ ಹೇಳಿದಾಗ ಅವರು, "ಬಿಡೋದು ಇದ್ದೇ ಇದೆ, ಮೊದಲು ಡಾಕ್ಟರನ್ನ ನೋಡು" ಎಂದು ತುಮಕೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಸೋಮವಾರ ಸಂಜೆಗೆ ಹೆಸರು ಬರೆಸಿದರು. ಅಲ್ಲಿಯ ನರ್ಸು, ತೊಂದರೆಗಳನ್ನೆಲ್ಲ ಮರೆಯದೆ ಒಂದು ಹಾಳೆಯಲ್ಲಿ ಬರೆದು ತನ್ನಿ ಎಂದು ಫೋನಿನಲ್ಲಿ ಹೇಳಿದರು. ಅದನ್ನೂ ಬರೆದೆ. ಮನೆಯಲ್ಲಿದ್ದದ್ದು ಒಂದೇ ಥರದ ಎರಡು ಕಂದು ಕವರು. ಒಂದೊಂದರಲ್ಲಿ ಒಂದೊಂದನ್ನು ಇಟ್ಟು, ಎರಡನ್ನೂ ಬ್ಯಾಗಿಗೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ಸಾಹೇಬರು ಇನ್ನೂ ಬಂದಿರಲಿಲ್ಲ. ಸಂಜೆ ತನಕ ಕಾದರೆ ಮನಸ್ಸು ಬದಲಾದೀತು ಎಂದು, ಅವರ ಮೇಜಿನ ಮೇಲೆ ಕವರಿಟ್ಟು, ಒಂದು ಸಲ ನಮಸ್ಕಾರ ಮಾಡಿ, ಆಚೆ ಬಂದೆ. ದಿನವಿಡೀ ನನ್ನ ಹಳೇ ಮರದ ಮೇಜನ್ನು ಸವರುತ್ತಾ ಕೂತಿದ್ದು, ಸಾಹೇಬರು ಮೀಟಿಂಗು ಮುಗಿಸಿ ಬರುವ ಮುಂಚೆಯೇ ಡಾಕ್ಟರ ಬಳಿಗೆ ಹೊರಟೆ.

ಡಾಕ್ಟರ ಮುಂದೆ

ಸಂಜೆ ಡಾಕ್ಟರು ಕವರು ಬಿಚ್ಚಿದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"'ಇಪ್ಪತ್ತಾರು ವರ್ಷಗಳ ಸೇವೆಯಿಂದ ನನ್ನನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ.' ಇದನ್ನ ನಾನು ಹೇಗಮ್ಮ ಮಂಜೂರು ಮಾಡಲಿ?"

ಕುರ್ಚಿ ಜಾರಿದ ಹಾಗಾಯಿತು. ಎಲ್ಲ ಹೇಳಿದೆ. ಅವರು ಜೋರಾಗಿ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು ಸಾವಧಾನವಾಗಿ ಎಲ್ಲ ಕೇಳಿದರು. ಬಿಸಿ, ಭಯ, ಮರೆವು, ಅಳು, ಎಲ್ಲದಕ್ಕೂ ಕಾರಣ ಒಂದೇ, ಹುಚ್ಚೂ ಅಲ್ಲ ಗಿಚ್ಚೂ ಅಲ್ಲ, ಇದಕ್ಕೆ ಔಷಧಿಯೂ ಇದೆ ದಾರಿಯೂ ಇದೆ ಎಂದರು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆ ಒಂದು ಮಾತಿಗೆ ಕೆಳಗಿಳಿಯಿತು.

"ಕೆಲಸ ಬಿಟ್ರೆ ಸೆಕೆ ಬಿಡುತ್ತಾ? ಮನೇಲಿ ಕೂತು ಬೀಗ ಎಣಿಸ್ತೀರ ಅಷ್ಟೆ. ರಿಟೈರ್ ಆಗ್ತಿರೋದು ನಿಮ್ಮ ಅಂಡಾಶಯ ಕಣಮ್ಮ, ನೀವಲ್ಲ" ಎನ್ನುತ್ತಾ ನಿವೃತ್ತಿ ಪತ್ರವನ್ನೇ ತಿರುಗಿಸಿ, ಹಿಂಬದಿಯಲ್ಲಿ ಮಾತ್ರೆಯ ಹೆಸರು ಬರೆದು, ಕೆಳಗೆ "ದಿನಾ ಅರ್ಧ ಗಂಟೆ ನಡಿಗೆ" ಎಂದು ಸೇರಿಸಿ ಕೊಟ್ಟರು.

ಮೆಟ್ಟಿಲಿಳಿಯುವಾಗ ಹೊಳೆಯಿತು. ಹಾಗಾದರೆ ಸಾಹೇಬರ ಮೇಜಿನ ಮೇಲಿರುವುದು ಯಾವ ಕವರು?

ಹಸಿರು ಇಂಕು

ಮಾರನೇ ದಿನ ಎಡಗಡೆ ಕಿಟಕಿ ಪೂರಾ ತೆಗೆದಿದ್ದರೂ ಗುಬ್ಬಿ ತಲುಪುವ ತನಕ ಬೆವರಿದೆ. ಹೋಗಿ ನೋಡಿದರೆ ನನ್ನ ಮೇಜು ಇದ್ದ ಜಾಗದಲ್ಲಿಲ್ಲ. ಕಿಟಕಿಯ ಪಕ್ಕ ಕೂತಿದೆ. ಅದರ ಮೇಲೆ, ಎರಡು ವರ್ಷದಿಂದ ಕೆಟ್ಟಿದ್ದ ಫ್ಯಾನು ಗಿರಗಿರನೆ ತಿರುಗುತ್ತಿದೆ. ಎದುರಿಗೆ ಬಂದ ಸೂಪರಿಂಟೆಂಡೆಂಟರ ಎದೆಯ ಮೇಲೆ ಅವರ ಹೆಸರಿನ ಚೀಟಿ. ಅಟೆಂಡರ್ ಅಕ್ಕನ ಎದೆಯ ಮೇಲೂ ಚೀಟಿ.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನನ್ನ ಕೈಗೆ ಒಂದು ಕಡತ ಕೊಟ್ಟಳು. ಒಳಗೆ ನನ್ನದೇ ಹಾಳೆ. ಮೇಲೆ "ತೊಂದರೆಗಳು" ಎಂದು ಬರೆದಿದ್ದೆನೇ ಹೊರತು, ಯಾರವು ಎಂದು ಬರೆದಿರಲಿಲ್ಲ; ಕೆಳಗೆ ಅಭ್ಯಾಸಬಲದಿಂದ ಸಹಿ ಹಾಕಿ "ಟಪಾಲು ವಿಭಾಗ" ಎಂದು ಬರೆದಿದ್ದೆ. ಸಾಹೇಬರು ಅವನ್ನು ಟಪಾಲು ವಿಭಾಗದ ತೊಂದರೆಗಳು ಎಂದುಕೊಂಡಿದ್ದರು. ಒಂದೊಂದು ಸಾಲಿನ ಮುಂದೂ ಹಸಿರು ಇಂಕು.

"ಇದ್ದಕ್ಕಿದ್ದ ಹಾಗೆ ತಡೆಯಲಾರದ ಸೆಕೆ." ಮುಂದೆ: "ಫ್ಯಾನು ಇಂದೇ ಸರಿಪಡಿಸಿ. ಮೇಜನ್ನು ಕಿಟಕಿ ಬಳಿ ಹಾಕಿಸಿ."

"ಗೊತ್ತಿರುವವರ ಹೆಸರೂ ನೆನಪಾಗುವುದಿಲ್ಲ." ಮುಂದೆ: "ಎಲ್ಲ ಸಿಬ್ಬಂದಿ ಹೆಸರಿನ ಚೀಟಿ ಧರಿಸತಕ್ಕದ್ದು."

"ಎದೆ ಡವಡವ. ಏನೋ ಆಗಿಬಿಡುತ್ತದೆ ಎಂಬ ಭಯ." ಮುಂದೆ: "ನಿಜ. ಛಾವಣಿಯ ಬಿರುಕನ್ನು ನಾನೂ ಗಮನಿಸಿದ್ದೇನೆ. ಎಂಜಿನಿಯರಿಗೆ ಪತ್ರ ಬರೆಯಿರಿ."

"ಕಾರಣವಿಲ್ಲದೆ ಅಳು." ಮುಂದೆ: "ಕಾರಣ ನಮೂದಿಸಿ ಮರುಮಂಡಿಸಿ."

ಕೊನೆಯ ಸಾಲು, ನಮ್ಮಮ್ಮನಿಂದ ಕಲಿತದ್ದು: "ಹನ್ನೊಂದು ತಿಂಗಳಿಂದ ನಿಂತಿದೆ." ಅದರ ಮುಂದೆ ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದರು: "ಹನ್ನೊಂದು ತಿಂಗಳಿಂದ ಏನು ಮಾಡುತ್ತಿದ್ದಿರಿ? ಕೂಡಲೇ ಮೆಕ್ಯಾನಿಕ್ ಕರೆಸಿ ಚಾಲೂ ಮಾಡಿಸಿ, ಏಳು ದಿನದೊಳಗೆ ವರದಿ ಸಲ್ಲಿಸಿ."

ನಾನೂ ಅಕ್ಕನೂ ರೆಕಾರ್ಡ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಹಳೇ ಕಡತಗಳ ಮೇಲೆ ಬಿದ್ದು ಬಿದ್ದು ನಕ್ಕೆವು. ಅಷ್ಟು ನಕ್ಕು ವರ್ಷವಾಗಿತ್ತು. ಅಕ್ಕ ಕಣ್ಣೊರೆಸಿಕೊಂಡು, "ನಂದು ನಿಂತು ಆರು ವರ್ಷ ಆಯ್ತು ಮೇಡಮ್ಮೋರೆ. ಗೊತ್ತಾದ್ರೆ ಸಾಹೇಬ್ರು ನನ್ನ ಸಸ್ಪೆಂಡೇ ಮಾಡ್ತಾರೆ" ಅಂದಳು. "ಗೋಡೆ ಗಡಿಯಾರ ನಿಂತಿತ್ತು ಅಂತ ಬರೆದುಬುಡಿ" ಎಂದು ಉಪಾಯವನ್ನೂ ಹೇಳಿದಳು.

ನಾನು ಹಾಗೆ ಬರೆಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದೂ ಸುಳ್ಳು ವರದಿ ಕೊಟ್ಟವಳಲ್ಲ, ಇನ್ನು ಎಂಟು ವರ್ಷವೂ ಕೊಡುವವಳಲ್ಲ. ಹೌದು, ಎಂಟು ವರ್ಷ. ನಿವೃತ್ತಿ ಪತ್ರ ಈಗ ಔಷಧಿ ಅಂಗಡಿಯವರಿಗೆ ತೋರಿಸುವ ಚೀಟಿ, ಅದನ್ನು ಸಲ್ಲಿಸುವ ಹಾಗೂ ಇಲ್ಲ. ಕಿಟಕಿ ಪಕ್ಕ, ಫ್ಯಾನಿನ ಕೆಳಗೆ ಆರಾಮಾಗಿ ಕೂತು ಹೀಗೆ ಬರೆದೆ:

"ಸದರಿ ವಿಷಯವು ವಯೋಮಾನಕ್ಕೆ ಅನುಗುಣವಾಗಿ ತಾನಾಗಿಯೇ ನಿಂತಿದ್ದು, ತಜ್ಞರು ಪರಿಶೀಲಿಸಿರುತ್ತಾರೆ. ಮತ್ತೆ ಚಾಲೂ ಮಾಡುವ ಅಗತ್ಯ ಇರುವುದಿಲ್ಲ. ಇದರಿಂದ ಟಪಾಲು ವಿಭಾಗದ ಕೆಲಸ ನಿಲ್ಲುವುದಿಲ್ಲ."

ಸಂಜೆ ಕಡತ ವಾಪಸು ಬಂತು. ಹಸಿರು ಇಂಕಿನಲ್ಲಿ ಸಾಹೇಬರ ಷರಾ ಇತ್ತು:

"ಒಪ್ಪಿದೆ. ಮುಂದೆ ಯಾವುದೇ ಸಿಬ್ಬಂದಿಯದು ನಿಂತರೂ ಅದೇ ದಿನ ನನ್ನ ಗಮನಕ್ಕೆ ತರತಕ್ಕದ್ದು."