ಕುಂಬಳಕಾಯಿ ಬಿಯರೂ ಶಂಕ್ರವ್ವನ ಮೂಗೂ

ಚನಬಸಪ್ಪನ ಮೂಗು ಇದ್ದದ್ದು ಬರೇ ಚಷ್ಮಾ ನಿಲ್ಲಿಸಲಿಕ್ಕೆ. ನಲವತ್ತು ವರ್ಷ ಎರಡೂ ಹೊರಳೆಗೆ ತಪಕೀರು, ಅಂದರೆ ನಶ್ಯ, ಏರಿಸಿ ಏರಿಸಿ ಅದರ ವಾಸನೆ ಹಿಡಿಯುವ ಶಕ್ತಿ ನಿವೃತ್ತಿ ಪಡೆದಿತ್ತು. ಅದೂ ದಾಂಡೇಲಿಯ ಕಾಗದದ ಮಿಲ್ಲಿನಿಂದ ಅವನು ನಿವೃತ್ತನಾಗುವ ಹತ್ತು ವರ್ಷ ಮೊದಲೇ! ಒಲೆ ಮೇಲೆ ಹಾಲು ಸೀದು ಕರಕಾದರೂ ಪಕ್ಕದಲ್ಲೇ ಕೂತು ಪೇಪರ್ ಓದುವ ಪುಣ್ಯಾತ್ಮ. ಹೆಂಡತಿ ಶಂಕ್ರವ್ವನದು ಇದಕ್ಕೆ ಉಲ್ಟಾ. ಓಣಿಯ ಆ ತುದಿಯಲ್ಲಿ ಯಾರ ಮನೆ ಸಾರಿಗೆ ಇಂಗು ಬಿದ್ದಿಲ್ಲ ಅನ್ನುವುದನ್ನು ಈ ತುದಿಯಲ್ಲಿ ಕೂತು ಹೇಳುವಾಕೆ.

ಇಂಥ ಚನಬಸಪ್ಪನನ್ನು ರುಚಿ ಪರೀಕ್ಷೆಗೆ ಕರೆದರು. (ನಗಬ್ಯಾಡ್ರಿ, ಪೂರ್ತಿ ಕೇಳಿ ಆಮ್ಯಾಲೆ ನಗ್ರಿ.)

ಮಿಲ್ಲಿನ ಹಳೇ ಗೆಳೆಯನ ಮಗ ರೋಹಿತ ಜೊಯಿಡಾ ದಾರಿಯಲ್ಲಿ ಹೊಳೆದಂಡೆಗೆ ನಾಲ್ಕು ಕೋಣೆ ಕಟ್ಟಿಸಿ ಪ್ರವಾಸಿಗರನ್ನು ಇಳಿಸಿಕೊಳ್ಳುತ್ತಿದ್ದ. ಅವನ ಸ್ನೇಹಿತನೊಬ್ಬ ಗೋವಾದಲ್ಲಿ ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವವ. ಸುಗ್ಗಿಗೊಂದು, ಬೇಸಿಗೆಗೊಂದು, ಹೀಗೆ ಋತುಮಾನಕ್ಕೆ ತಕ್ಕಂತೆ ಬಿಯರೂ ಬದಲು. ಮಳೆಗಾಲ ಮುಗಿದ ಮೇಲೆ ಕುಂಬಳಕಾಯಿಯದು, ಚಳಿಗಾಲಕ್ಕೆ ಹೊಸ ಬೆಲ್ಲ ಮತ್ತು ಒಣಶುಂಠಿಯದು. ಆ ಕುಂಬಳಕಾಯಿಗಳು ಹೋಗುತ್ತಿದ್ದದ್ದು ಹಳಿಯಾಳದ ಹತ್ತಿರದ ಹಳ್ಳಿಯಿಂದ, ಶಂಕ್ರವ್ವನ ಹಿತ್ತಲಿನಿಂದ. ಅಡುಗೆಗೆ ಒಯ್ಯುತ್ತಾರೆ ಅಂತಲೇ ಆಕೆ ತಿಳಿದಿದ್ದಳು.

ಒಂದು ದಿನ ಕಾಯಿ ಮುಟ್ಟಿಸಲು ಹೋದ ಚನಬಸಪ್ಪನ ಮುಂದೆ ರೋಹಿತ ಮೂರು ಗ್ಲಾಸು ಇಟ್ಟ.

"ಕಾಕಾ, ನಿಮ್ಮ ಕುಂಬಳಕಾಯಿದ್ದ ಇದು. ರುಚಿ ನೋಡಿ ನಿಮ್ಮ ಅಭಿಪ್ರಾಯ ಹೇಳ್ರಿ."

"ಹೆಂಡ ಏನೋ ಇದು?"

"ಬಿಯರ್ ರೀ."

ಚನಬಸಪ್ಪ ಗ್ಲಾಸುಗಳನ್ನು ಆಚೆ ಸರಿಸಿದ. ಮದುವೆಯಾದ ವರ್ಷವೇ ಶಂಕ್ರವ್ವ ಕೊರಳ ಲಿಂಗ ಮುಟ್ಟಿಸಿ, ಹೆಂಡ ತುಟಿಗೆ ಹಚ್ಚುವುದಿಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಳು. ಇವತ್ತಿನವರೆಗೂ ಆ ಮಾತು ಉಳಿಸಿಕೊಂಡಿದ್ದ. ಅದರ ಬಲದ ಮೇಲೇ ಪ್ರತಿ ಸೋಮವಾರ ಭಜನೆ ಮುಗಿದ ಮೇಲೆ, ಕುಡಿಯುವ ಚಟದ ಬಾಳೇಶನನ್ನು ಕಟ್ಟೆಗೆ ಕೂಡಿಸಿಕೊಂಡು ಉಪದೇಶ ಮಾಡುತ್ತಿದ್ದದ್ದು.

ಆದರೆ "ನಿಮ್ಮ ಅಭಿಪ್ರಾಯ ಹೇಳ್ರಿ" ಅನ್ನುವ ಮಾತಿತ್ತಲ್ಲ, ನಿವೃತ್ತಿಯಾದ ಮೇಲೆ ಅದನ್ನು ಅವನಿಗೆ ಯಾರೂ ಅಂದಿರಲಿಲ್ಲ. ಮನೆಯಲ್ಲಿ ಇವತ್ತು ಬದನೆಕಾಯಿಯೋ ಹೀರೇಕಾಯಿಯೋ ಅಂತ ಸಹ ಕೇಳುವವರಿಲ್ಲ. ಕುಡಿಯುವ ಮೊದಲೇ ಅಮಲೇರಿತು.

'ನಮ್ಮ ಹಿತ್ತಲ ಕುಂಬಳಕಾಯಿ ಪಲ್ಯ ತಿಂದ್ರ ತಪ್ಪಿಲ್ಲ, ರಸ ಕುಡದ್ರ ತಪ್ಪೇನು?' ಅಂತ ತನ್ನೊಳಗೇ ಕೋರ್ಟು ನಡೆಸಿ, ತಾನೇ ನ್ಯಾಯಾಧೀಶನಾಗಿ, ಗ್ಲಾಸು ಎತ್ತಿದ.

"ಹೆಂಗೈತ್ರಿ?"

"ಚಲೋ ಐತಿ."

ಎರಡನೆಯದು?

"ಇದೂ ಚಲೋ ಐತಿ."

ಮೂರನೆಯದು?

"ಇದಂತೂ ಭಾಳ ಚಲೋ ಐತಿ ನೋಡು!"

ನಾಲಿಗೆಗೆ ತಿಳಿದದ್ದು ಇಷ್ಟೇ: ತಣ್ಣಗಿತ್ತು, ಚುರುಚುರು ಅಂದಿತು. ಬರುವಾಗ ಒಂದು ಬಾಟಲಿಯದನ್ನು ಸ್ಟೀಲಿನ ಕ್ಯಾನಿಗೆ ಸುರಿದುಕೊಂಡು ಬಸ್ಸು ಹತ್ತಿದ. ತನಗೆ ಬಾರದ ವಾಸನೆ ಊರಿಗೂ ಬಾರದು ಅನ್ನುವುದು ಅವನ ಸಿದ್ಧಾಂತ.

ಶಂಕ್ರವ್ವ ಬಾಗಿಲಲ್ಲೇ ನಿಂತಿದ್ದಳು. "ಬಸ್ಸಿನ್ಯಾಗ ಭಾಳ ಗದ್ಲಿತ್ತೇನ್ರಿ?"

"ಹೂಂ. ಯಾಕ?"

"ಯಾರೋ ಮೈಮ್ಯಾಲೆ ಏನರ ಚೆಲ್ಲಿದಂಗ ಐತಿ."

"ಛೇ ಛೇ, ಏನಿಲ್ಲ."

"ಹಂಗಾರ ಕೈಕಾಲ್ ತೊಳಕೊಂಡು ಊಟಕ್ಕ ಬರ್ರಿ."

ಅಷ್ಟೇ. ತನ್ನ ಚಾತುರ್ಯಕ್ಕೆ ತಾನೇ ತಲೆದೂಗಿದ ಚನಬಸಪ್ಪ, ಕ್ಯಾನನ್ನು ಕಾಳಿನ ಚೀಲಗಳ ಹಿಂದೆ ಅಡಗಿಸಿದ.

ಮರುದಿನ ಸೀಗಿ ಹುಣ್ಣಿಮೆ. ಬಸುರಿ ಭೂಮಿತಾಯಿಗೆ ಬಯಕೆಯೂಟ ಉಣಿಸುವ ದಿನ. ಕಡಬು, ರೊಟ್ಟಿ, ಪುಂಡಿಪಲ್ಲೆ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಬೇಕು. ಒಬ್ಬರು ಮುಂದೆ ಆ ಎಡೆಯ ತುತ್ತನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲುತ್ತ ನಡೆದರೆ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೋಗಬೇಕು. ಹೊಲದಲ್ಲಿ ಶಂಕ್ರವ್ವ ಸೆರಗು ಸಿಕ್ಕಿಸಿ, ಗಂಡನ ಕೈಗೆ ಆ ಕ್ಯಾನನ್ನೇ ಕೊಟ್ಟಳು.

"ಏ, ಇದು ಬ್ಯಾಡ! ಇದು..."

"ಇದು ಏನ್ರಿ?"

ಪಕ್ಕದ ಹೊಲದ ಬಾಳೇಶ ಬದುವಿನ ಮೇಲೇ ನಿಂತಿದ್ದ.

"ಏನಿಲ್ಲ. ನೀರ."

"ಮತ್ತ? ಚಿಮುಕಿಸ್ರಿ. ಒಂದು ಮೂಲೀನೂ ಬಿಡಬ್ಯಾಡ್ರಿ."

ನಾಲ್ಕು ಎಕರೆ! ಆಕೆ ಮುಂದೆ, ಇವನು ಹಿಂದೆ. ಒಂದೊಂದು ಹನಿ ಕೈಯಿಂದ ಜಾರುವಾಗಲೂ ಕರುಳು ಕಿತ್ತು ಬಂದಂತಾಗುತ್ತಿತ್ತು. ಬಾಳೇಶ ಬಗ್ಗಿ ನೋಡಿದ.

"ಕಾಕಾ, ನಿಮ್ಮ ನೀರಿಗೆ ಬುರುಗು ಬರಾಕತ್ತೇತಲ್ರಿ!"

"ಹೊಸಾ ಬೋರಿನ ನೀರ. ಹಂಗ ಇರ್ತೈತಿ."

ಬಾಳೇಶ ಮೂಗರಳಿಸಿದ. "ಈ ವಾಸನಿ ನನಗ ಎಲ್ಲೋ ಗುರ್ತಿದ್ದಂಗ ಐತಿ ನೋಡ್ರಿ."

ಪಾಪ, ಹೆಂಡತಿಗೆ ಗೊತ್ತಾಗಲಿಲ್ಲ, ಆಣೆ ಮುರಿದದ್ದು ಮುಚ್ಚಿಹೋಯಿತು ಅಂತ ಚನಬಸಪ್ಪ ಸಮಾಧಾನಪಟ್ಟ. (ಗಂಡಸರ ಸಮಾಧಾನಕ್ಕೆ ಬುನಾದಿ ಬೇಕಿಲ್ಲ.)

ಚಳಿ ಬಿತ್ತು. ಎಳ್ಳಮಾವಾಸ್ಯೆಯ ಮುಂಜಾನೆ ರೋಹಿತ ಬೈಕಿನ ಮೇಲೆ ಮನೆಗೇ ಬಂದ. ಕೈಯಲ್ಲಿ ಮೂರು ಬಾಟಲಿ. ಚನಬಸಪ್ಪ ಹಿಂದೆ ನಿಂತು ಹುಬ್ಬು ಹಾರಿಸಿದ, ತಲೆ ಅಲ್ಲಾಡಿಸಿದ, ಕೆಮ್ಮಿದ. ರೋಹಿತ ಅವನನ್ನು ದಾಟಿಕೊಂಡು ನೇರ ಒಳಗೆ ಹೋದ.

"ಕಾಕಿ, ನೀವು ಹೇಳಿದಂಗ ದಾಲ್ಚಿನ್ನಿ ಕಡಿಮಿ ಮಾಡಿದ್ವಿ. ಕುಂಬಳಕಾಯಿದ್ದು ಎಲ್ಲಾ ಖರ್ಚಾಗಿ ಹೋತು. ಈಗ ಬೆಲ್ಲದ್ದು ನೋಡಿಬಿಡ್ರಿ."

ಶಂಕ್ರವ್ವ ಮುಚ್ಚಳ ತೆಗೆಸಿ, ಒಂದೊಂದೇ ಬಾಟಲಿಯನ್ನು ಗೇಣು ದೂರ ಹಿಡಿದು, ಕಣ್ಣು ಮುಚ್ಚಿ ಮೂಸಿದಳು.

"ಇದರಾಗ ಶುಂಠಿ ಮುಂದ ಬಂದು ಬೆಲ್ಲ ಹಿಂದುಳದೈತಿ. ಇದರಾಗಿಂದು ಹ್ವಾದ ವರ್ಷದ ಬೆಲ್ಲ, ಯಾರೋ ನಿಮಗ ಟೋಪಿ ಹಾಕ್ಯಾರ. ಇದು ಹೌದು."

ರೋಹಿತ ಮೊಬೈಲಿನಲ್ಲಿ ಎಲ್ಲ ಬರೆದುಕೊಂಡ.

"ಅಲ್ಲೋ ರೋಹಿತಾ," ಚನಬಸಪ್ಪ ಇಬ್ಬರ ನಡುವೆ ಬಂದು ನಿಂತ, "ರುಚಿ ನೋಡಾವ ನಾ ಅಲ್ಲೇನೋ?"

"ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಎಲ್ಲಾದಕ್ಕೂ ಚಲೋ ಐತಿ ಅಂತೀರಿ. ಅವತ್ತು ಮೂರನೇ ಗ್ಲಾಸಿನ್ಯಾಗ ಪರೀಕ್ಷಾಕ್ಕಂತ ಬರೇ ಬಣ್ಣದ ಸೋಡಾ ಇಟ್ಟಿದ್ದೆ. ಅದಕ್ಕ ಭಾಳ ಚಲೋ ಐತಿ ಅಂದ್ರಿ. ಮರುದಿನ ಕಾಕಿ ಫೋನ್ ಮಾಡಿ, ಏನ್ ಕುಡಿಸೀದಿ ಅಂತ ಬೈದು, ಬೈಯೂದ್ರಾಗ ದಾಲ್ಚಿನ್ನಿ ಹೆಚ್ಚಾಗೇತಿ ಅಂದ್ರು."

ಚನಬಸಪ್ಪ ಹೆಂಡತಿಯ ಕಡೆ ತಿರುಗಿದ. "ಅಂದ್ರ ನಿನಗ ಆಣಿ ಮುರದದ್ದು..."

"ನೀವು ಹೊಸ್ತಿಲ ದಾಟೂಕಿಂತ ಮೊದಲ ಗೊತ್ತಾತು," ಅಂದಳು ಶಂಕ್ರವ್ವ. "ನಾಲ್ಕು ಎಕರೆ ಸುಮ್ನ ಅಡ್ಡಾಡಿಸೀನೇನು? ಅದು ನಿಮ್ಮ ಪ್ರಾಯಶ್ಚಿತ್ತ. ಅವತ್ತ ಮುಗೀತು. ಇನ್ನ ಮ್ಯಾಲೆ ಮೂಸಾಕಿ ನಾನು, ಬಾಟ್ಲಿ ಹೊತ್ತು ಅಡ್ಡಾಡಾವ್ರು ನೀವು. ಮುಚ್ಚಳಕ್ಕ ದಾರದ ಗಂಟು ನಾ ಹಾಕಿ ಕೊಡ್ತೇನಿ. ಮೂಸಿ ಉಳದದ್ದು ಭೂಮಿತಾಯಿಗೆ."

ಎಳ್ಳಮಾವಾಸ್ಯೆಗೂ ಚರಗ ಚೆಲ್ಲುವುದಿರುತ್ತದೆ; ಆ ದಿನವೂ ಹೊಲ ಸುತ್ತಿದರು. ಆಕೆ ಮುಂದೆ, ಇವನು ಹಿಂದೆ, ಕೈಯಲ್ಲಿ ಅದೇ ಕ್ಯಾನು. ಬಾಳೇಶ ಈ ಸಲ ಕೈಮುಗಿದು ನಿಂತಿದ್ದ. ಎಳೆ ಬಿಸಿಲು ಹಿತವಾಗಿತ್ತು. ಆಣೆಯ ಭಾರ ಇಳಿದದ್ದಕ್ಕೋ ಏನೋ, ಚನಬಸಪ್ಪನಿಗೆ ಹಸಿವೂ ಚೆನ್ನಾಗಿ ಆಗಿತ್ತು. ಬನ್ನಿ ಗಿಡದ ಕೆಳಗೆ ಕೂತಾಗ ಶಂಕ್ರವ್ವ ಅವನ ಕೈಗೊಂದು ಹೋಳಿಗೆ ಇಟ್ಟು, ತುಪ್ಪ ಹಾಕಿದಳು.

"ಹೆಂಗೈತ್ರಿ?"

ಅಭಿಪ್ರಾಯ ಕೇಳಿದಳಲ್ಲ! ಚನಬಸಪ್ಪ ಕಣ್ಣರಳಿಸಿ, ಬಾಯಿ ತುಂಬ ತುಂಬಿಕೊಂಡು, "ಭಾಳ ಚಲೋ ಐತಿ!" ಅಂದ.

"ಅದಕ್ಕ ಬೆಲ್ಲ ಹಾಕಿಲ್ರಿ," ಅಂದಳು ಶಂಕ್ರವ್ವ. "ಇರ್ರಿ, ಬೆಲ್ಲ ಹಾಕಿದ್ದು ಈ ಡಬ್ಬಿಯಾಗ ಐತಿ."